ಪ್ರಾಣಿ ಮರಳಿ ಬಂದ ಮೇಲೆ

ಕೇಳುಗರಿಗೆ ನಮಸ್ಕಾರ.

ಒಮಾನ್ ದೇಶದ ಜಿದ್ದತ್ ಅಲ್ ಹರಾಸಿಸ್ ಎಂಬ ಮರಳುಗಾಡಿನ ಬಯಲಿನಲ್ಲಿ, 1972ರಲ್ಲಿ, ಬೇಟೆಗಾರರು ಕೊನೆಯ ಅರೇಬಿಯನ್ ಓರಿಕ್ಸ್‌ಗಳನ್ನು ಕೊಂದರು. ಬಿಳಿ ಮೈ, ಈಟಿಯಂತೆ ನೀಳವಾದ ಎರಡು ಕೊಂಬು. ಅಂಥ ಹುಲ್ಲೆ ಬಯಲಿನಲ್ಲಿ ಮತ್ತೆ ಉಳಿಯಲಿಲ್ಲ. ಹೀಗಾಗಬಹುದೆಂದು ಹತ್ತು ವರ್ಷ ಮೊದಲೇ ಅಂಜಿದವರಿದ್ದರು. ಅವರು ಕೆಲವನ್ನು ಹಿಡಿದು ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಸಂತಾನ ಬೆಳೆಸಿದ್ದರು. 1982ರಲ್ಲಿ ಹತ್ತು ಓರಿಕ್ಸ್‌ಗಳು ಅದೇ ಬಯಲಿಗೆ ಮರಳಿದವು. ಅವುಗಳನ್ನು ಕಾದವರು ಅಲ್ಲೇ ಮೇಕೆ, ಒಂಟೆ ಮೇಯಿಸುವ ಹರಾಸಿಸ್ ಬುಡಕಟ್ಟಿನವರು.

1996ರ ಹೊತ್ತಿಗೆ ಹಿಂಡು 450ರ ಆಸುಪಾಸಿಗೆ ಬೆಳೆದಿತ್ತು. ಆಗ ಕಳ್ಳರು ಬಂದರು. ಈ ಸಲ ಕೊಲ್ಲಲು ಬಂದವರಲ್ಲ, ಜೀವಂತ ಹಿಡಿದು ಸಿರಿವಂತರ ಖಾಸಗಿ ಸಂಗ್ರಹಗಳಿಗೆ ಮಾರಲು ಬಂದವರು. 2007ಕ್ಕೆ ಉಳಿದದ್ದು 65. ಓರಿಕ್ಸ್‌ಗಳಿಗಾಗಿ ಮೀಸಲಿಟ್ಟ ರಕ್ಷಿತ ಪ್ರದೇಶದ ವಿಸ್ತಾರವನ್ನು ಸರ್ಕಾರವೇ ನೂರಕ್ಕೆ ತೊಂಬತ್ತರಷ್ಟು ಕುಗ್ಗಿಸಿತು. ಯುನೆಸ್ಕೊ ಅದೇ ವರ್ಷ ಆ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ಕೈಬಿಟ್ಟಿತು. ಹಾಗೆ ಪಟ್ಟಿಯಿಂದ ಹೊರಬಿದ್ದ ಮೊದಲ ತಾಣ ಅದು.

ನೆರೆಯ ದೇಶಗಳಲ್ಲಿ ಇದೇ ಪ್ರಯತ್ನ ಫಲಿಸಿ ಓರಿಕ್ಸ್ ಉಳಿದುಕೊಂಡಿದೆ, ಅದು ನಿಜಕ್ಕೂ ದೊಡ್ಡ ಗೆಲುವು. ಆದರೂ ಒಮಾನಿನ ಕತೆ ನನ್ನನ್ನು ಬಿಡುವುದಿಲ್ಲ. ಅಳಿದ ಪ್ರಾಣಿಯನ್ನು ಮರಳಿ ತರಬೇಕೆ, ಬೇಡವೆ ಎಂದು ನಾವು ವರ್ಷಗಟ್ಟಲೆ ವಾದಿಸುತ್ತೇವೆ. ತಂದ ಮರುದಿನದಿಂದ ಅದರ ಜೊತೆ ಬದುಕುವವರು ಯಾರು, ಇಪ್ಪತ್ತು ವರ್ಷದ ನಂತರವೂ ಅದನ್ನು ಕಾಯುವವರು ಯಾರು ಎಂಬ ಮಾತಿಗೆ ನಾವು ಅಷ್ಟು ಹೊತ್ತು ಕೊಡುವುದಿಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯವನ್ನೇ ನೋಡಿ. ತೋಳಗಳನ್ನು ಮರಳಿ ತರಬೇಕೆ ಎಂದು 2020ರಲ್ಲಿ ಅಲ್ಲಿ ಜನಮತ ಕೇಳಿದರು. ಕೂದಲೆಳೆಯ ಅಂತರದಲ್ಲಿ ‘ತರಬೇಕು’ ಗೆದ್ದಿತು. ಹೌದೆಂದವರಲ್ಲಿ ಹೆಚ್ಚಿನವರು ನಗರವಾಸಿಗಳು. ತೋಳ ಬಂದದ್ದು ದನ ಸಾಕುವವರ ಹಟ್ಟಿಯ ಪಕ್ಕಕ್ಕೆ. 2023ರ ಡಿಸೆಂಬರಿನಲ್ಲಿ ಹತ್ತು ತೋಳಗಳನ್ನು ಬಿಟ್ಟರು, ಕೆಲವೇ ತಿಂಗಳಲ್ಲಿ ದನಗಳು ಸತ್ತ ಸುದ್ದಿಯೂ ಬಂತು. ರಾಜ್ಯ ಪರಿಹಾರ ಕೊಡುತ್ತದೆ, ಒಳ್ಳೆಯದೇ. ಆದರೆ ರಾತ್ರಿಯಿಡೀ ನಿದ್ದೆಗೆಟ್ಟು ಮಂದೆ ಕಾದವನಿಗೆ ಆ ನಿದ್ದೆಯನ್ನು ಯಾವ ಪರಿಹಾರ ತಂದುಕೊಡುತ್ತದೆ? ನಾನು ತೋಳದ ಪರ. ಪರವಾಗಿದ್ದೇ ಈ ಪ್ರಶ್ನೆ ಕೇಳುತ್ತಿದ್ದೇನೆ.

ಮನುಷ್ಯರೇ ಇಲ್ಲದ ಜಾಗವಾದರೆ ಸಮಸ್ಯೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಓಸ್ಟ್‌ವಾರ್ಡರ್ಸ್‌ಪ್ಲಾಸೆನ್ ಅಂಥ ಪ್ರಯೋಗ. ಸಮುದ್ರದಿಂದ ಗೆದ್ದುಕೊಂಡ ಸುಮಾರು 56 ಚದರ ಕಿಲೋಮೀಟರ್ ನೆಲಕ್ಕೆ ಬೇಲಿ ಹಾಕಿ, ದನ, ಕುದುರೆ, ಕೆಂಪು ಜಿಂಕೆಗಳನ್ನು ಬಿಟ್ಟು, ಮೇವು ಹಾಕದೆ ಪ್ರಕೃತಿಗೇ ಒಪ್ಪಿಸಿದರು. ಬೇಟೆಯಾಡುವ ತೋಳ ಅಲ್ಲಿರಲಿಲ್ಲ. ಹಸಿದರೆ ವಲಸೆ ಹೋಗಲು ಬೇಲಿ ಬಿಡಲಿಲ್ಲ. 2017-18ರ ಚಳಿಗಾಲದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಹಸಿದು ನರಳುವುದನ್ನು ತಪ್ಪಿಸಲು ಸಿಬ್ಬಂದಿಯೇ ಗುಂಡಿಟ್ಟವು ಅದರಲ್ಲಿ ಬಹುಪಾಲು. ಜನ ಬೇಲಿಯಾಚೆಗೆ ಹುಲ್ಲಿನ ಪಿಂಡಿ ಎಸೆದರು. ಅವರನ್ನು ಭಾವುಕರೆಂದು ಹೀಗಳೆದ ತಜ್ಞರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಬೇಲಿ ಹಾಕಿದ್ದು ಮನುಷ್ಯ, ಹಾಗಾಗಿ ಮೇವಿನ ಹೊಣೆಯೂ ಅವನದೇ.

ನಮ್ಮ ದೇಶದ ಚೀತಾ ಕತೆಯಲ್ಲಿ ಈ ಎಲ್ಲ ಎಳೆಗಳೂ ಸೇರಿವೆ. 1952ರಲ್ಲಿ ಅಳಿದುಹೋಯಿತೆಂದು ಘೋಷಿಸಿದ ಪ್ರಾಣಿ ಅದು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು, ಮರುವರ್ಷ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳು ಮಧ್ಯಪ್ರದೇಶದ ಕೂನೊಗೆ ಬಂದವು. ಇವು ಆಫ್ರಿಕಾದ ಉಪಜಾತಿ. ಏಷ್ಯಾದ ಚೀತಾ ಈಗ ಇರಾನಿನಲ್ಲಿ ಮಾತ್ರ ಬೆರಳೆಣಿಕೆಯಷ್ಟಿದೆ. ಕೂನೊಗೆ ಬಂದ ಚೀತಾಗಳು ತಮ್ಮೂರಿನ ಚಳಿಗಾಲವೆಂದು ಮೈಗೆ ದಟ್ಟ ಕೂದಲು ಬೆಳೆಸಿಕೊಂಡವು, ಇಲ್ಲಿ ಮಳೆಗಾಲ ನಡೆಯುತ್ತಿತ್ತು. ಕತ್ತಿನ ರೇಡಿಯೊ ಕಾಲರಿನ ಅಡಿ, ಒದ್ದೆ ಕೂದಲಿನ ಕೆಳಗೆ ಗಾಯವಾಗಿ, ಹುಳ ಬಿದ್ದು, ನಂಜೇರಿ ಕೆಲವು ಸತ್ತವು. ಆಮೇಲೆ ಇಲ್ಲೇ ಹುಟ್ಟಿದ ಮರಿಗಳು ಬೆಳೆದಿವೆ. ಅದನ್ನು ಕೇಳಿದಾಗ ಸಂತೋಷವಾಗುತ್ತದೆ, ಮುಚ್ಚಿಡುವುದಿಲ್ಲ.

ಆದರೆ ಕೂನೊವನ್ನು ಮೊದಲು ಸಿದ್ಧಪಡಿಸಿದ್ದು ಚೀತಾಕ್ಕಲ್ಲ. ಗಿರ್ ಅರಣ್ಯದ ಸಿಂಹಗಳಿಗೆ ಎರಡನೇ ಮನೆ ಬೇಕೆಂದು ಅಲ್ಲಿನ ಸುಮಾರು 24 ಹಳ್ಳಿಗಳನ್ನು ಎತ್ತಂಗಡಿ ಮಾಡಿದರು. ಅವರಲ್ಲಿ ಬಹಳಷ್ಟು ಜನ ಸಹಾರಿಯಾ ಆದಿವಾಸಿಗಳು. ಸಿಂಹಗಳನ್ನು ಕಳಿಸಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿತು. ಸಿಂಹ ಇನ್ನೂ ಬಂದಿಲ್ಲ. ಯಾವ ಪ್ರಾಣಿಗಾಗಿ ಊರು ಬಿಟ್ಟರೋ ಅದನ್ನು ಆ ಜನ ಕಣ್ಣಲ್ಲಿ ಕಾಣಲಿಲ್ಲ, ಬಿಟ್ಟ ಹೊಲಕ್ಕೆ ಮರಳಲೂ ಇಲ್ಲ.

ನಮಸ್ಕಾರ.