ಓದಿ ಮುಗಿಸಿ, ಆಮೇಲೆ ಸುಮ್ನಿರಿ

ಕೇಳುಗರಿಗೆಲ್ಲ ನಮಸ್ಕಾರ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರು ಸೇರಿದ ಕಡೆ ಷಾರ್ಲೆಟ್ ಮೇಸನ್ ಅನ್ನುವ ಹೆಸರು ಒಮ್ಮೆಯಾದರೂ ಬರುತ್ತದೆ. ಈಕೆ ಬ್ರಿಟನ್ನಿನ ಶಿಕ್ಷಕಿ. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡರು. ಮದುವೆಯಾಗಲಿಲ್ಲ, ಸ್ವಂತ ಮಕ್ಕಳೂ ಇರಲಿಲ್ಲ. ಆದರೆ 1886ರಲ್ಲಿ 'ಹೋಮ್ ಎಜುಕೇಶನ್' ಅಂತ ಪುಸ್ತಕ ಬರೆದರು. ಮರುವರ್ಷವೇ ಹೆತ್ತವರದ್ದೊಂದು ಸಂಘ ಹುಟ್ಟಿಕೊಂಡಿತು. ಆಮೇಲೆ ಆಂಬಲ್‌ಸೈಡ್ ಎಂಬ ಊರಿನಲ್ಲಿ ಶಿಕ್ಷಕಿಯರ ತರಬೇತಿ ಶಾಲೆ ಶುರುವಾಯಿತು, ಮನೆಗಳಿಗೆ ಅಂಚೆಯಲ್ಲಿ ಟೈಮ್‌ಟೇಬಲ್, ಪುಸ್ತಕಗಳ ಪಟ್ಟಿ, ಪರೀಕ್ಷೆಯ ಪ್ರಶ್ನೆಗಳು ಹೋಗತೊಡಗಿದವು. ಇಂದಿನ ಹೋಮ್‌ಸ್ಕೂಲಿಂಗ್‌ನವರು ಅವರನ್ನು ಹುಡುಕಿಕೊಂಡು ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ, ಅಲ್ವಾ?

ನನ್ನ ತಕರಾರು ಬೇರೆ. ಮೇಸನ್ ಹೇಳಿದ್ದರಲ್ಲಿ ಕಣ್ಣಿಗೆ ಚೆಂದ ಕಾಣುವುದನ್ನು ನಾವು ಬೇಗ ಎತ್ತಿಕೊಳ್ಳುತ್ತೇವೆ. ಎಲೆ ಹೂವು ನೋಡಿ ಬಣ್ಣದಲ್ಲಿ ಬರೆಯುವ ಪ್ರಕೃತಿ ಪುಸ್ತಕ, ದೊಡ್ಡ ಕಲಾವಿದರ ಚಿತ್ರ ನೋಡುವುದು, ಗಿಡಮರಗಳ ನಡುವೆ ಸುತ್ತಾಟ. ಎಲ್ಲ ಒಳ್ಳೆಯದೇ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಆದರೆ ಅವರ ವಿಧಾನದ ಬೆನ್ನೆಲುಬು ಅದಲ್ಲ. ಬೆನ್ನೆಲುಬು ಇರುವುದು ಕೇಳಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳುವುದರಲ್ಲಿ. ಇದಕ್ಕೆ ನರೇಷನ್ ಅನ್ನುತ್ತಾರೆ.

ಮಾಡುವುದು ಹೀಗೆ. ಒಳ್ಳೆಯ ಪುಸ್ತಕ ಬೇಕು. ವಿಷಯವನ್ನು ಪ್ರೀತಿಸಿದ ಒಬ್ಬ ಮನುಷ್ಯ ಬರೆದದ್ದು, ಮಕ್ಕಳಿಗೆಂದು ನೀರು ಬೆರೆಸಿ ತೆಳ್ಳಗೆ ಮಾಡಿದ್ದಲ್ಲ. ಅದರಿಂದ ಒಂದು ಪುಟವೋ ಎರಡು ಪುಟವೋ, ಒಂದೇ ಒಂದು ಸಲ ಓದಬೇಕು. ಮತ್ತೆ ಓದುತ್ತಾರೆ ಅಂತ ಗೊತ್ತಾದರೆ ಮಗು ಮೊದಲ ಸಲ ಕಿವಿಗೊಡುವುದಿಲ್ಲ, ಅದಕ್ಕೇ ಒಂದೇ ಸಲ. ಓದಿ ಮುಗಿಸಿದ ಮೇಲೆ 'ಈಗ ನೀನು ಹೇಳು' ಅನ್ನಬೇಕು, ಆಮೇಲೆ ನಾವು ಸುಮ್ನಿರಬೇಕು.

ಕಷ್ಟ ಇರುವುದು ಈ ಸುಮ್ನಿರುವುದರಲ್ಲೇ. ಮಗು ರಾಜನ ಹೆಸರು ಬಿಟ್ಟು ಅವನ ಕುದುರೆಯ ಬಗ್ಗೆಯೇ ಐದು ನಿಮಿಷ ಹೇಳುತ್ತಾ ಹೋದರೆ, ನಮ್ಮ ನಾಲಿಗೆ ತುರಿಸುತ್ತದೆ, 'ಅಲ್ಲ ಕಣೋ, ಯುದ್ಧ ಯಾಕಾಯಿತು ಅದು ಹೇಳು' ಅಂತ ಬಾಯಿ ಹಾಕಿಬಿಡುತ್ತೇವೆ. ಅಲ್ಲಿಗೆ ಮುಗಿಯಿತು. ಮುಂದಿನ ಸಲ ಅದು ಕಥೆ ಕೇಳುವುದಿಲ್ಲ, ನಮಗೆ ಯಾವ ಉತ್ತರ ಬೇಕು ಅಂತ ನಮ್ಮ ಮುಖ ನೋಡುತ್ತಾ ಕೂರುತ್ತದೆ. ಮೇಸನ್ ನಡುವೆ ಬಾಯಿ ಹಾಕಬೇಡಿ ಅಂದದ್ದು ಇದಕ್ಕೇ. ತಪ್ಪಿದ್ದರೆ ಮಗು ಮುಗಿಸಿದ ಮೇಲೆ ಮಾತಾಡಬಹುದು. ಮಗು ಹುಟ್ಟುತ್ತಲೇ ಪೂರ್ತಿ ಮನುಷ್ಯ, ನಾವು ತುಂಬಿಸಬೇಕಾದ ಖಾಲಿ ಪಾತ್ರೆಯಲ್ಲ ಅನ್ನುವುದು ಅವರ ನಂಬಿಕೆ. ಒಪ್ಪುವುದು ಸುಲಭ. ಆದರೆ ಕುದುರೆಯ ಕಥೆ ಮುಗಿಯುವವರೆಗೆ ಕಾಯುವಾಗಲೇ ಆ ನಂಬಿಕೆ ನಮಗೆ ನಿಜವಾಗಿ ಇದೆಯೋ ಇಲ್ಲವೋ ಗೊತ್ತಾಗುವುದು.

ಇನ್ನೊಂದು ಮಾತು. ಆರು ವರ್ಷ ತುಂಬುವವರೆಗೆ ತಿರುಗಿ ಹೇಳು ಅಂತ ಒತ್ತಾಯ ಮಾಡಬಾರದು, ತಾನಾಗಿ ಹೇಳಿದರೆ ಕೇಳಿಸಿಕೊಂಡರೆ ಸಾಕು. ಆ ವಯಸ್ಸಿನಲ್ಲಿ ಜಾಸ್ತಿ ಹೊತ್ತು ಮನೆಯ ಹೊರಗೇ ಕಳೆಯಲಿ ಅಂದರು. ಶುರುವಿನ ವರ್ಷಗಳಲ್ಲಿ ಒಂದು ಪಾಠ ಇಪ್ಪತ್ತು ನಿಮಿಷ ದಾಟಬಾರದು. ಅಂಕ, ಬಹುಮಾನದ ಆಸೆ ತೋರಿಸಿ ಓದಿಸುವುದು ಅವರಿಗೆ ಸರಿ ಕಾಣಲಿಲ್ಲ. ವರ್ಕ್‌ಶೀಟ್ ಕಟ್ಟುಗಟ್ಟಲೆ ಪ್ರಿಂಟ್ ತೆಗೆದು ಬದಿಗಿಟ್ಟುಕೊಂಡು ತಮ್ಮದು ಮೇಸನ್ ದಾರಿ ಅನ್ನುವವರು ಇದನ್ನೊಮ್ಮೆ ಯೋಚಿಸಲಿ.

ಹಾಗಂತ ಅವರ ಟೈಮ್‌ಟೇಬಲನ್ನು ಅಕ್ಷರಕ್ಕೆ ಅಕ್ಷರ ಪಾಲಿಸಬೇಕಾಗಿಲ್ಲ. ಅವರ ಪುಸ್ತಕವನ್ನು ಮೊದಲು ಕೈಗೆತ್ತಿಕೊಂಡ ಎಷ್ಟೋ ಮನೆಗಳಲ್ಲಿ ಆಳುಗಳಿದ್ದರು, ಪಾಠ ಹೇಳಲು ಬೇರೆ ಶಿಕ್ಷಕಿಯೂ ಇರುತ್ತಿದ್ದರು. ಇವತ್ತು ಒಬ್ಬರೇ ಅಡುಗೆ, ಕೆಲಸ, ಕೂಸು ಎಲ್ಲ ನೋಡಿಕೊಂಡು ಅಷ್ಟೂ ವಿಷಯ ಮುಗಿಸಲು ಹೊರಟರೆ ಸುಸ್ತಾಗುವುದು ಖಂಡಿತ. ಅವರ ಕಾಲದ ಪುಸ್ತಕಗಳಲ್ಲಿ ಸಾಮ್ರಾಜ್ಯದ ಹೆಮ್ಮೆಯೂ ಸಾಕಷ್ಟಿದೆ, ಆ ಪಟ್ಟಿಯನ್ನು ಹಾಗೇ ತಂದು ಮಕ್ಕಳ ಮುಂದಿಡುವುದು ನನಗೆ ಸರಿ ಕಾಣುವುದಿಲ್ಲ. ವಿಧಾನ ತೆಗೆದುಕೊಳ್ಳಿ, ಪುಸ್ತಕ ನೀವೇ ಆರಿಸಿ.

ಇದು ಉಳ್ಳವರ ಮನೆಗೆ ಮಾತ್ರ ಹೊಂದುತ್ತದೆ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 1914ರಲ್ಲಿ ಯಾರ್ಕ್‌ಶೈರ್‌ನ ಡ್ರಿಗ್ಲಿಂಗ್ಟನ್ ಎಂಬ ಕಲ್ಲಿದ್ದಲು ಗಣಿಯ ಊರಿನ ಶಾಲೆಯಲ್ಲಿ ಇದೇ ವಿಧಾನ ಶುರುವಾಯಿತು. ಗಣಿ ಕೆಲಸದವರ ಮಕ್ಕಳು ಅದೇ ಒಳ್ಳೆಯ ಪುಸ್ತಕಗಳನ್ನು ಕೇಳಿ, ಅದೇ ರೀತಿ ತಿರುಗಿ ಹೇಳಿದರು. ಆಮೇಲೆ ಬೇರೆ ಸರ್ಕಾರಿ ಶಾಲೆಗಳೂ ಇದನ್ನು ತೆಗೆದುಕೊಂಡವು.

ಶುರು ಮಾಡಬೇಕು ಅಂತಿದ್ದರೆ ಬಣ್ಣದ ಪೆಟ್ಟಿಗೆ ಆಮೇಲೆ ಕೊಳ್ಳಿ. ಮೊದಲು ಒಂದು ಪುಸ್ತಕ ಇರಲಿ, ದಿನಕ್ಕೆ ಒಂದು ಸಲ, ಹತ್ತು ನಿಮಿಷ. ಮೊದಮೊದಲು ಮಗು ಎರಡೇ ವಾಕ್ಯ ಹೇಳಿ ನಿಲ್ಲಿಸಬಹುದು, 'ಮರೆತುಹೋಯಿತು' ಅನ್ನಬಹುದು. ಆಗ ಪುಟ ಹೆಚ್ಚಿಸಬೇಡಿ, ಕಡಿಮೆ ಮಾಡಿ. ಒಂದು ಪ್ಯಾರಾ ಆದರೂ ಸಾಕು. ನಮಸ್ಕಾರ.