ಮೂರು ಬ್ಲಾಗಿಗೆ ಒಂದೇ ತಂತ್ರಾಂಶ: ಆರಿಸುವ ಮೊದಲು ನೋಡಬೇಕಾದದ್ದು

[ದೃಶ್ಯ: ಬಸವನಗುಡಿಯ ಮನೆಯೊಂದರ ಓದುವ ಕೋಣೆ. ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಮೂರು ಟ್ಯಾಬ್‌ಗಳು ತೆರೆದಿವೆ.]

ನಿರೂಪಣೆ: ಹೆಬ್ಬಾಳ ಕೆರೆಯ ಹೆಜ್ಜಾರ್ಲೆಗಳ ಬಗ್ಗೆ ಬರೆದ ಲೇಖನವೊಂದನ್ನು ನಾನು ಒಮ್ಮೆ ಅವಸರದಲ್ಲಿ ನನ್ನ ಉದ್ಯೋಗದ ಬ್ಲಾಗಿನಲ್ಲಿ ಪ್ರಕಟಿಸಿಬಿಟ್ಟಿದ್ದೆ. ಹಕ್ಕಿಗಳಿಗೊಂದು, ಕನ್ನಡ ಪ್ರಬಂಧಗಳಿಗೊಂದು, ಕೆಲಸದ ಟಿಪ್ಪಣಿಗಳಿಗೊಂದು ಎಂದು ಮೂರು ಬ್ಲಾಗುಗಳನ್ನು ಬ್ರೌಸರ್‌ನಲ್ಲೇ ನಡೆಸುವವರಿಗೆ ಇಂತಹ ಎಡವಟ್ಟು ಹೊಸದಲ್ಲ. ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ಬರೆದು, ಮಳೆಗೆ ಕರೆಂಟಿನ ಜೊತೆ ವೈಫೈ ಹೋದರೂ ಕರಡನ್ನು ಉಳಿಸಿಕೊಂಡು, ಬೇಕಾದ ಬ್ಲಾಗಿಗೆ ಕಳುಹಿಸುವ ಡೆಸ್ಕ್‌ಟಾಪ್ ತಂತ್ರಾಂಶವನ್ನು ನಾನು ಹುಡುಕತೊಡಗಿದ್ದು ಆ ದಿನದಿಂದ.

ಹುಡುಕುವವರು ಸಾಮಾನ್ಯವಾಗಿ ತಂತ್ರಾಂಶದ ಅಂದಚೆಂದವನ್ನು ಮೊದಲು ನೋಡುತ್ತಾರೆ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದದ್ದು ನಿಮ್ಮ ಬ್ಲಾಗುಗಳು ಹೊರಗಿನ ತಂತ್ರಾಂಶಕ್ಕೆ ಯಾವ ಬಾಗಿಲನ್ನು ತೆರೆದಿಟ್ಟಿವೆ ಎಂಬುದನ್ನು.

[ತೆರೆಯ ಮೇಲೆ: ತಂತ್ರಾಂಶದಿಂದ ಮೂರು ಬ್ಲಾಗುಗಳಿಗೆ ಹೋಗುವ ಮೂರು ಬಾಣಗಳು]

ನಿರೂಪಣೆ: ಬ್ಲಾಗು ನಡೆಸುವ ವೇದಿಕೆಯಾದ ವರ್ಡ್‌ಪ್ರೆಸ್‌ನಲ್ಲಿ ಇಂತಹ ಬಾಗಿಲುಗಳು ಎರಡಿವೆ. ಹಳೆಯದು ಎಕ್ಸ್‌ಎಂಎಲ್-ಆರ್‌ಪಿಸಿ, 2012ರ ಡಿಸೆಂಬರ್‌ನಲ್ಲಿ ಬಂದ 3.5ನೇ ಆವೃತ್ತಿಯಿಂದ ಇದು ತಾನಾಗಿಯೇ ಚಾಲೂ ಇರುತ್ತದೆ. ಹೊಸದು ರೆಸ್ಟ್ ಎಪಿಐ. ಬರಹಗಳನ್ನು ಇದರ ಮೂಲಕ ಬರೆಯುವ, ತಿದ್ದುವ ಸೌಲಭ್ಯ 2016ರ ಡಿಸೆಂಬರ್‌ನಲ್ಲಿ 4.7ನೇ ಆವೃತ್ತಿಯ ಜೊತೆ ಬಂತು. ಹಳೆಯ ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಹೆಚ್ಚಿನವು ಮೊದಲನೆಯ ಬಾಗಿಲನ್ನೇ ನೆಚ್ಚಿಕೊಂಡಿವೆ. ಆದರೆ ಸಾವಿರಾರು ಪಾಸ್‌ವರ್ಡ್‌ಗಳನ್ನು ಒಂದೇ ಸಮನೆ ಪ್ರಯೋಗಿಸಿ ನೋಡುವ ಕಿಡಿಗೇಡಿಗಳಿಗೂ ಅದೇ ಬಾಗಿಲು ಪ್ರಿಯವಾದ್ದರಿಂದ, ಬ್ಲಾಗಿಗೆ ಸರ್ವರ್‌ನಲ್ಲಿ ಜಾಗ ಕೊಡುವ ಹಲವು ಹೋಸ್ಟಿಂಗ್ ಸಂಸ್ಥೆಗಳು ಅದನ್ನು ಮುಚ್ಚಿಬಿಟ್ಟಿರುತ್ತವೆ. ಪಾಸ್‌ವರ್ಡ್ ಸರಿಯಿದ್ದೂ ತಂತ್ರಾಂಶವು ನಿಮ್ಮ ಬ್ಲಾಗನ್ನು ಗುರುತಿಸದಿದ್ದರೆ, ಮೊದಲು ಇದೇ ಕಾರಣವನ್ನು ಶಂಕಿಸಿ. ಬಾಗಿಲು ತೆರೆದಿದ್ದರೂ ನಿಮ್ಮ ಮುಖ್ಯ ಪಾಸ್‌ವರ್ಡ್ ಅನ್ನು ಯಾವ ತಂತ್ರಾಂಶಕ್ಕೂ ಕೊಡಬೇಡಿ, ವರ್ಡ್‌ಪ್ರೆಸ್ 5.6ರಿಂದ ಒಂದೊಂದು ತಂತ್ರಾಂಶಕ್ಕೂ ಬೇರೆಬೇರೆ ಅಪ್ಲಿಕೇಶನ್ ಪಾಸ್‌ವರ್ಡ್ ಪಡೆದು, ಬೇಡವಾದಾಗ ಅದೊಂದನ್ನೇ ರದ್ದುಪಡಿಸಬಹುದು.

ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನ ಕಥೆ ಬೇರೆ. ಅಲ್ಲಿ ಗೂಗಲ್ ತನ್ನ ಲಾಗಿನ್ ವಿಧಾನವನ್ನು ಬದಲಿಸಿದಾಗಲೆಲ್ಲ ತಂತ್ರಾಂಶವೂ ಬದಲಾಗಲೇಬೇಕು. ಮೈಕ್ರೋಸಾಫ್ಟ್‌ನ ಬ್ಲಾಗ್ ಬರೆಯುವ ತಂತ್ರಾಂಶವಾದ ವಿಂಡೋಸ್ ಲೈವ್ ರೈಟರ್ ಬಳಸಿದವರಿಗೆ ಇದು ನೆನಪಿರಬಹುದು. 2006ರಲ್ಲಿ ಪ್ರಯೋಗಾರ್ಥವಾಗಿ ಬಂದ ಆ ತಂತ್ರಾಂಶ 2012ರ ಆವೃತ್ತಿಯ ನಂತರ ಬೆಳೆಯಲಿಲ್ಲ. ಗೂಗಲ್ ಹಳೆಯ ಲಾಗಿನ್ ವಿಧಾನವನ್ನು ಕೈಬಿಡಲು ಹೊರಟಾಗ ಬ್ಲಾಗರ್ ಬಳಕೆದಾರರು ನಡುನೀರಿನಲ್ಲಿ ನಿಲ್ಲುವಂತಾಯಿತು. 2015ರ ಡಿಸೆಂಬರ್‌ನಲ್ಲಿ ಅದರ ಮೂಲಸಂಕೇತವನ್ನು ಮುಕ್ತಗೊಳಿಸಿದ ಮೇಲೆ ಹುಟ್ಟಿದ್ದೇ ಓಪನ್ ಲೈವ್ ರೈಟರ್.

[ತೆರೆಯ ಮೇಲೆ: ಓಪನ್ ಲೈವ್ ರೈಟರ್ ಕಿಟಕಿ. ಬ್ಲಾಗುಗಳ ಪಟ್ಟಿ ತೆರೆದುಕೊಳ್ಳುತ್ತದೆ.]

ನಿರೂಪಣೆ: ವಿಂಡೋಸ್ ಬಳಸುವವರಿಗೆ ಇದು ಉಚಿತವಾಗಿ ದೊರೆಯುತ್ತದೆ. ಬರೆಯುವ ಕಿಟಕಿಯಲ್ಲೇ ಯಾವ ಬ್ಲಾಗಿಗೆ ಎಂಬುದನ್ನು ಆರಿಸಿಕೊಳ್ಳಬಹುದು, ಮತ್ತು ಆಯಾ ಬ್ಲಾಗಿನ ವಿನ್ಯಾಸದಲ್ಲಿ ಬರಹ ಹೇಗೆ ಕಾಣುತ್ತದೆ ಎಂಬುದನ್ನು ಮುಂಚಿತವಾಗಿ ನೋಡಬಹುದು. ನನ್ನ ಹೆಜ್ಜಾರ್ಲೆಗಳನ್ನು ಈ ಸೌಲಭ್ಯವೊಂದೇ ಕಾಪಾಡುತ್ತಿತ್ತು. ಆದರೆ ಇದರ ಬೆಳವಣಿಗೆ ಬಹಳ ನಿಧಾನ. ಇನ್ನೊಂದು ತೊಡಕೆಂದರೆ, 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ತಂದ, ಬರಹವನ್ನು ಪ್ಯಾರಾ, ಚಿತ್ರ ಎಂದು ಬಿಡಿಬಿಡಿ ಬ್ಲಾಕ್‌ಗಳಾಗಿ ಜೋಡಿಸುವ ಬ್ಲಾಕ್ ಎಡಿಟರ್ ಇದಕ್ಕೆ ತಿಳಿಯದು. ಇಲ್ಲಿಂದ ಕಳುಹಿಸಿದ ಬರಹವು ಅಲ್ಲಿ ಒಂದೇ ಕ್ಲಾಸಿಕ್ ಬ್ಲಾಕ್ ಆಗಿ ಕುಳಿತುಕೊಳ್ಳುತ್ತದೆ, ಅದರಿಂದ ಹಾನಿಯಿಲ್ಲ. ಬ್ಲಾಕ್‌ಗಳಲ್ಲಿ ರಚಿಸಿದ ಹಳೆಯ ಬರಹವನ್ನು ಇಲ್ಲಿ ತೆರೆದು ತಿದ್ದಿದರೆ ಮಾತ್ರ ಬ್ಲಾಕ್‌ಗಳ ಗುರುತುಗಳು ಕೆಟ್ಟುಹೋಗುವ ಅಪಾಯವಿದೆ. ಆದ್ದರಿಂದ ಹೊಸ ಬರಹಗಳಿಗೆ ಮಾತ್ರ ಇದನ್ನು ಬಳಸುವುದು ಕ್ಷೇಮ.

ಮ್ಯಾಕ್ ಉಳ್ಳವರಿಗೆ ಹೆಚ್ಚು ಯೋಚನೆ ಬೇಡ. ಮಾರ್ಸ್‌ಎಡಿಟ್ ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವಾದರೂ ವರ್ಡ್‌ಪ್ರೆಸ್, ಬ್ಲಾಗರ್, ಟಂಬ್ಲರ್ ಮೂರನ್ನೂ ನಿಭಾಯಿಸುತ್ತದೆ, ಹಳೆಯ ಬರಹಗಳನ್ನೂ ಇಳಿಸಿಕೊಳ್ಳುತ್ತದೆ. ಹಣ ಕೊಡುವ ಮೊದಲು ಪ್ರಾಯೋಗಿಕ ಅವಧಿಯಲ್ಲಿ ನಿಮ್ಮ ಎಲ್ಲ ಬ್ಲಾಗುಗಳನ್ನೂ ಅದಕ್ಕೆ ಜೋಡಿಸಿ ನೋಡಿ.

[ತೆರೆಯ ಮೇಲೆ: ‘ರ‍್ಯಾಂಕ್’ ಎಂಬ ಪದ ನಿಧಾನವಾಗಿ ‘ರ್ಯಾಂಕ್’ ಆಗುತ್ತದೆ.]

ನಿರೂಪಣೆ: ಕನ್ನಡದಲ್ಲಿ ಬರೆಯುವವರು ಮಾಡಲೇಬೇಕಾದ ಪರೀಕ್ಷೆಯೊಂದಿದೆ, ಇಂಗ್ಲಿಷ್ ವಿಮರ್ಶೆಗಳಲ್ಲಿ ಇದು ನಿಮಗೆ ಸಿಗುವುದಿಲ್ಲ. ಯುನಿಕೋಡ್ ಕನ್ನಡದಲ್ಲಿ ಅಕ್ಷರಗಳನ್ನು ಕೂಡಿಸಲು ಮತ್ತು ಬಿಡಿಸಲು ಕಣ್ಣಿಗೆ ಕಾಣದ ಎರಡು ಚಿಹ್ನೆಗಳಿವೆ. ತಂತ್ರಾಂಶವು ಅವನ್ನು ಕಸವೆಂದು ತಿಳಿದು ಗುಡಿಸಿಹಾಕಿದರೆ ‘ರ‍್ಯಾಂಕ್’ ಎಂಬುದಕ್ಕೆ ಅರ್ಕಾವತ್ತು ಅಂಟಿಕೊಳ್ಳುತ್ತದೆ, ‘ಬ್ರೌಸರ್‌ನಲ್ಲಿ’ ಎಂಬುದು ‘ಬ್ರೌಸರ್ನಲ್ಲಿ’ ಆಗುತ್ತದೆ. ಈ ಎರಡು ಪದಗಳನ್ನು ಬರೆದು ಕರಡಾಗಿ ಕಳುಹಿಸಿ, ಬ್ಲಾಗಿನಲ್ಲಿ ಓದಿ, ಮತ್ತೆ ತಂತ್ರಾಂಶಕ್ಕೆ ಇಳಿಸಿಕೊಂಡು ನೋಡಿ. ಇದರಲ್ಲಿ ಸೋತ ತಂತ್ರಾಂಶ ಬೇರೆ ಎಷ್ಟೇ ಗುಣವುಳ್ಳದ್ದಾದರೂ ನಾನು ಅದನ್ನು ಅಂದೇ ತೆಗೆದುಹಾಕುತ್ತೇನೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದ ಕಡತಗಳನ್ನಂತೂ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳದೆ ಅಂಟಿಸಬೇಡಿ.

ಬರಹದ ವಿಳಾಸದಲ್ಲೂ ಕನ್ನಡಕ್ಕೊಂದು ತೊಡಕಿದೆ. ವಿಳಾಸದಲ್ಲಿ ಕನ್ನಡದ ಒಂದೊಂದು ಅಕ್ಷರಸಂಕೇತವೂ 9 ಚಿಹ್ನೆಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ ಅದಕ್ಕೆ 200 ಚಿಹ್ನೆಗಳ ಜಾಗವನ್ನಷ್ಟೇ ಕೊಡುವುದರಿಂದ ಸುಮಾರು 22 ಸಂಕೇತಗಳ ನಂತರ ಶೀರ್ಷಿಕೆ ಮೊಟಕಾಗುತ್ತದೆ. ಗುಣಿತ, ಒತ್ತಕ್ಷರಗಳನ್ನೂ ಬಿಡಿಬಿಡಿಯಾಗಿ ಎಣಿಸಬೇಕಾದ್ದರಿಂದ ಇದು ಮೂರ್ನಾಲ್ಕು ಪದಕ್ಕೂ ಸಾಲದು. ಆದ್ದರಿಂದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಪ್ರತ್ಯೇಕವಾಗಿ ಬರೆಯುವ ಸ್ಥಳ ತಂತ್ರಾಂಶದಲ್ಲಿದೆಯೇ ಎಂದು ಗಮನಿಸಿ. ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ವಿಳಾಸ ಬರೀ ‘ಬ್ಲಾಗ್-ಪೋಸ್ಟ್’ ಎಂದಾಗಿಬಿಡುತ್ತದೆ. ಅಲ್ಲಿ ಹಳಬರು ಮಾಡುವ ಉಪಾಯವೇ ಸರಿ: ಮೊದಲು ಇಂಗ್ಲಿಷ್ ಶೀರ್ಷಿಕೆಯಲ್ಲಿ ಪ್ರಕಟಿಸಿ, ಕೂಡಲೇ ಶೀರ್ಷಿಕೆಯನ್ನು ಕನ್ನಡಕ್ಕೆ ತಿದ್ದಿದರೆ ವಿಳಾಸ ಹಾಗೇ ಉಳಿಯುತ್ತದೆ.

ಕೊನೆಯದಾಗಿ, ಕರಡು ನಿಮ್ಮ ಕಂಪ್ಯೂಟರಿನಲ್ಲಿ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದನ್ನು ಪರೀಕ್ಷಿಸಿ. ಲೈವ್ ರೈಟರ್‌ನ ಕರಡುಗಳು ಅದರದ್ದೇ ಆದ ಕಡತರೂಪದಲ್ಲಿರುವುದರಿಂದ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಲು ಬರುವುದಿಲ್ಲ. ಆ ಕಾರಣದಿಂದ ನಾನು ಈಗ ಪ್ರತಿಯೊಂದು ಬರಹವನ್ನೂ ಮೊದಲು ಸರಳ ಪಠ್ಯ ಕಡತವಾಗಿ ಬರೆಯುತ್ತೇನೆ. ಹಕ್ಕಿ, ಪ್ರಬಂಧ, ಕೆಲಸ ಎಂದು ಮೂರು ಫೋಲ್ಡರ್‌ಗಳಿವೆ, ಪ್ರಕಟಿಸುವ ಹೊತ್ತಿಗೆ ಮಾತ್ರ ತಂತ್ರಾಂಶವನ್ನು ತೆರೆಯುತ್ತೇನೆ.

[ದೃಶ್ಯ: ಮೂರು ಫೋಲ್ಡರ್‌ಗಳು. ‘ಹಕ್ಕಿ’ಯ ಮೇಲೆ ಕ್ಲಿಕ್.]