ಮನೆಬಾವಿಯ ನೀರನ್ನು ನೋಡಿಕೊಳ್ಳುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಹಿಡಿದು ತಿಂಗಳಾಯಿತೆಂದರೆ ದಕ್ಷಿಣ ಕನ್ನಡ, ಉಡುಪಿ ಕಡೆಯ ಬಾವಿಗಳು ತುಂಬಿಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ತಳ ಕಾಣುತ್ತಿದ್ದ ಬಾವಿಯಲ್ಲಿ ಆಟಿ ತಿಂಗಳಿಗೆ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನೀರು ಕಟ್ಟೆಯ ಹತ್ತಿರಕ್ಕೇ ಬಂದಿರುತ್ತದೆ. ಕಂಡರೆ ಸಂತೋಷವಾಗುವ ನೋಟ ಅದು. ಆದರೆ ಆ ನೀರಿನಲ್ಲಿ ರೋಗಾಣು ಸೇರುವ ಭಯ ಹೆಚ್ಚಿರುವುದೂ ಅದೇ ದಿನಗಳಲ್ಲಿ.

ಕಾರಣ ನೆಲದೊಳಗಿದೆ. ನಮ್ಮ ನೆಲದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಮೈತುಂಬ ತೂತು. ಮಳೆನೀರು ಸಲೀಸಾಗಿ ಇಳಿದು ಒರತೆ ಸೇರುವುದು ಅದರಿಂದಲೇ. ಪಾಯಿಖಾನೆ ಗುಂಡಿಯ ಕೊಳೆನೀರಿಗೂ ಅದೇ ದಾರಿ. ಬೇಸಿಗೆಯಲ್ಲಿ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣಮಣ್ಣು ಇರುತ್ತದೆ. ಕೊಳೆ ಅದರಲ್ಲಿ ನಿಧಾನವಾಗಿ ಇಳಿಯುವಾಗ ರೋಗಾಣುಗಳು ಬಹುಪಾಲು ಅಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಮಳೆಗಾಲದಲ್ಲಿ ಅಂತರ್ಜಲವೇ ಏರಿ ಗುಂಡಿಯನ್ನು ಮುಟ್ಟಿದರೆ ಮಣ್ಣು ಸೋಸಲು ಅವಕಾಶವೇ ಉಳಿಯುವುದಿಲ್ಲ. ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ಮನೆಗೆ ಬರುವುದಕ್ಕೆ ಇದೊಂದು ದಾರಿ. ನೀರು ತಿಳಿಯಾಗಿಯೇ ಕಾಣುತ್ತಿರಬಹುದು, ರುಚಿಯೂ ಕೆಟ್ಟಿರುವುದಿಲ್ಲ.

ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಬೇಕೆಂದು ಆರೋಗ್ಯ ಶಾಸ್ತ್ರ ಹೇಳುತ್ತದೆ. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಅದರ ಒಂದು ಬದಿಯೇ ಸುಮಾರು 14 ಮೀಟರ್. ಅಷ್ಟರಲ್ಲೇ ಮನೆ, ಬಾವಿ, ಗುಂಡಿ ಮೂರೂ ಆಗಬೇಕು. ನಮ್ಮ ಗುಂಡಿಯನ್ನು ಎಷ್ಟೇ ದೂರ ತೋಡಿದರೂ ಕಾಂಪೌಂಡಿನ ಆಚೆ ಪಕ್ಕದ ಮನೆಯವರ ಗುಂಡಿ ನಮ್ಮ ಬಾವಿಯ ಬೆನ್ನಿಗೇ ಇರಬಹುದು. ಯಾರನ್ನೂ ದೂರುವಂತಿಲ್ಲ, ಹೊಸದಾಗಿ ಮನೆ ಕಟ್ಟುವವರು ಮಾತ್ರ ಮೊದಲು ನೆರೆಮನೆಯವರ ಜೊತೆ ಕೂತು ಮಾತಾಡಿಕೊಳ್ಳಲಿ ಎಂದು ಕಳಕಳಿಯಿಂದ ಕೇಳುತ್ತೇನೆ.

ನಳ್ಳಿಯ ನೀರಾದರೆ ಪಂಚಾಯತಿಯೋ ನಗರಸಭೆಯೋ ಕ್ಲೋರಿನ್ ಹಾಕಿ ಕೊಡುತ್ತದೆ. ಮನೆಬಾವಿಯ ಹೊಣೆ ಪೂರ್ತಿ ಮನೆಯವರದ್ದು. ಜಿಲ್ಲಾ ಮಟ್ಟದ ಕುಡಿಯುವ ನೀರಿನ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೇ ಒಂದೂ ಇರಬಾರದು, ಇದು ಭಾರತೀಯ ಮಾನಕ ಬ್ಯೂರೋದ ಮಾತು. ಇ-ಕೋಲಿ ಸಿಕ್ಕಿತೆಂದರೆ ಮಲದ ಕೊಳೆ ನೀರಿಗೆ ಸೇರಿದೆ ಎಂದೇ ಅರ್ಥ.

ಸಿಕ್ಕರೆ ಏನು ಮಾಡಬೇಕು? ಕುಡಿಯುವ ನೀರನ್ನು ಆ ದಿನದಿಂದಲೇ ಮರಳುವವರೆಗೆ ಕುದಿಸಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಆದರೆ ಅಂದಾಜಿನ ಮೇಲೆ ಬೇಡ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಎಷ್ಟು ಲೀಟರ್ ನೀರಿದೆಯೆಂದು ತಿಳಿಯುತ್ತದೆ. ಮೂರು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 70 ಗ್ರಾಂ ಪುಡಿ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಕೊಡಪಾನಕ್ಕೆ ಬಗ್ಗಿಸಿ ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಿ ಕಲಕಿ. ರಾತ್ರಿ ಹಾಕಿದರೆ ಬೆಳಿಗ್ಗೆ ನೀರು ಸೇದಬಹುದು. ಹಳೆಯ, ತೇವ ಹಿಡಿದ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಗುಂಡಿಯ ನೀರು ಬರುತ್ತಲೇ ಇದ್ದರೆ ಒಮ್ಮೆ ಹಾಕಿದ ಪುಡಿ ಕೆಲವು ದಿನಕ್ಕಷ್ಟೇ. ಚಾವಣಿಯ ನೀರನ್ನು ಬಾವಿಗೆ ಬಿಡುವವರು ಮೊದಲ ಮಳೆಗಳ ನೀರನ್ನು ಹೊರಗೆ ಹರಿಸಿ, ಆಮೇಲಿನದನ್ನು ಜಲ್ಲಿ, ಮರಳಿನಲ್ಲಿ ಸೋಸಿಯೇ ಬಿಡಬೇಕು.

ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಮಾತ್ರ ಬಯಲುಸೀಮೆಯ ಕೊಳವೆಬಾವಿಗೆ ಹೊಂದುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಬಂಡೆಗಳ ಖನಿಜದಿಂದ ಫ್ಲೋರೈಡ್ ಕರಗಿ ನೀರಿಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಒಮ್ಮೆ ಬಿಗಿದ ಮೂಳೆಯನ್ನು ಸರಿಮಾಡುವ ಔಷಧಿಯಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಸಾಂದ್ರವಾಗುತ್ತದೆ. ಗೊಬ್ಬರ, ತಿಪ್ಪೆ, ಚರಂಡಿಯಿಂದ ಇಳಿಯುವ ನೈಟ್ರೇಟಿನ ಕಥೆಯೂ ಅದೇ. ಲೀಟರಿಗೆ 45 ಮಿಲಿಗ್ರಾಂ ದಾಟಿದ ನೀರಿನಲ್ಲಿ ಪುಡಿಹಾಲು ಕಲಸಿ ಎಳೆಗೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಒಯ್ಯಲಾಗದೆ ಮಗು ನೀಲಿಗಟ್ಟಬಹುದು. ಬಾಣಂತಿ ಇರುವ ಮನೆಯವರು ಈ ಒಂದು ಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ.

ನೀರು ಶುದ್ಧ ಮಾಡುವ ಯಾವ ಯಂತ್ರ ಕೊಳ್ಳುವುದಕ್ಕೂ ಮುಂಚೆ ಪರೀಕ್ಷೆಯ ಚೀಟಿ ಕೈಯಲ್ಲಿರಲಿ. ಕರಾವಳಿಯ ಬಾವಿಯಲ್ಲಿ ರೋಗಾಣುವಿನ ಪರೀಕ್ಷೆಯನ್ನು ಮಳೆ ಜೋರಾದ ಮೇಲೆ ಮಾಡಿಸಿ. ಹೊಳೆ ಸಮುದ್ರ ಸೇರುವ ಕಡೆಯವರು ಬೇಸಿಗೆಯ ಕೊನೆಯಲ್ಲಿ ಉಪ್ಪಿನಂಶವನ್ನೂ ನೋಡಿಸಿ. ರೋಗಾಣು ಪರೀಕ್ಷೆಗೆ ಮನೆಯ ಬಾಟಲಿ ಆಗದು. ಪ್ರಯೋಗಾಲಯದಿಂದಲೇ ಶುದ್ಧೀಕರಿಸಿದ ಬಾಟಲಿ ತಂದು, ಬಾಯಿಯ ಒಳಬದಿ ಮುಟ್ಟದೆ ನೀರು ತುಂಬಿಸಿ, ಮಂಜುಗಡ್ಡೆಯ ಜೊತೆ ಇಟ್ಟು ಅದೇ ದಿನ ಒಪ್ಪಿಸಿ.

ನಮಸ್ಕಾರ.